ಹುಳಕಡ್ಡಿ ಈಗ ಮೊದಲಿನ ಹಾಗಿಲ್ಲ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬೇಸಿಗೆ ಬಂತೆಂದರೆ ಕೆಲಸದವರ ಮೈಮೇಲಿನ ಬಟ್ಟೆ ಸಂಜೆವರೆಗೂ ಒಣಗುವುದಿಲ್ಲ. ಬೆವರು ನಿಂತ ತೊಡೆಸಂದಿಯಲ್ಲಿ, ಉಡದಾರದ ಕೆಳಗೆ ಹುಳಕಡ್ಡಿ ಏಳುತ್ತದೆ. ಹೆಸರಿನಲ್ಲಷ್ಟೇ ಹುಳ; ಇದು ಚರ್ಮದ ಕೆರಾಟಿನ್ ಎಂಬ ಪ್ರೋಟೀನ್ ತಿಂದು ಬದುಕುವ ಶಿಲೀಂಧ್ರ. ಹಿಂದೆ ದಿನಕ್ಕೆ 250 ಮಿಲಿಗ್ರಾಂ ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕ ಮಾತ್ರೆ ಎರಡು ವಾರ ನುಂಗಿದರೆ ಸಾಮಾನ್ಯವಾಗಿ ಹೋಗುತ್ತಿತ್ತು. ಈಗ ಎಷ್ಟೋ ಜನರಿಗೆ ತಿಂಗಳು ನುಂಗಿದರೂ ಜಗ್ಗುವುದಿಲ್ಲ.

ಶಿಲೀಂಧ್ರವೇ ಬೇರೆಯಾಗಿದೆ. 2020ರಲ್ಲಿ ಜಪಾನಿನ ಸಂಶೋಧಕರು ಇದಕ್ಕೆ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. (ಹೆಸರಿಗೆ ಇಂಡಿಯಾವನ್ನು ಅಂಟಿಸಿದ್ದಕ್ಕೆ ತಕರಾರಿದೆ, ಅದು ನ್ಯಾಯವೂ ಹೌದು.) ಯುರೋಪಿನಲ್ಲೂ ಸಿಕ್ಕಿತು. 2023ರಲ್ಲಿ ನ್ಯೂಯಾರ್ಕಿನ ಇಬ್ಬರು ಮಹಿಳೆಯರಲ್ಲಿ ಕಂಡ ವರದಿ ಬಂತು. ಒಬ್ಬರು ಬಾಂಗ್ಲಾದೇಶಕ್ಕೆ ಹೋಗಿಬಂದವರು, ಇನ್ನೊಬ್ಬರು ಹೊರದೇಶಕ್ಕೇ ಹೋದವರಲ್ಲ.

ಶಿಲೀಂಧ್ರದ ಕೋಶಪೊರೆಗೆ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ಬೇಕು. ಅದನ್ನು ತಯಾರಿಸುವ ಸ್ಕ್ವಾಲಿನ್ ಎಪಾಕ್ಸಿಡೇಸ್ ಎಂಬ ಕಿಣ್ವವನ್ನು ಟರ್ಬಿನಾಫಿನ್ ಹಿಡಿದು ನಿಲ್ಲಿಸುತ್ತದೆ. ಆ ಕಿಣ್ವದ 397ನೇ ಜಾಗದಲ್ಲಿ ಫಿನೈಲಲನಿನ್ ಎಂಬ ಅಮೈನೊ ಆಮ್ಲ ಹೋಗಿ ಲ್ಯೂಸಿನ್ ಎಂಬ ಇನ್ನೊಂದು ಕೂತರೆ ಸಾಕು, ಔಷಧಿಗೆ ಹಿಡಿತ ಸಿಗುವುದಿಲ್ಲ.

ಇಷ್ಟು ಹರಡಲು ಗಾಳಿ ಹಾಕಿದ್ದು ಸ್ಟಿರಾಯ್ಡ್ ಬೆರೆತ ಅಗ್ಗದ ಟ್ಯೂಬು. ಮೆಡಿಕಲ್ ಶಾಪಿನಲ್ಲಿ 'ತುರಿಕೆಗೆ ಏನಾದ್ರೂ ಕೊಡಿ' ಅಂದರೆ ಕೈಗೆ ಬರುವುದು ಬಹುಪಾಲು ಅದೇ: ಕ್ಲೋಬೆಟಾಸಾಲ್ ಎಂಬ ಸ್ಟಿರಾಯ್ಡ್, ಜೊತೆಗೊಂದು ಶಿಲೀಂಧ್ರನಾಶಕ, ಮೇಲೊಂದು ಆ್ಯಂಟಿಬಯಾಟಿಕ್. ಎರಡೇ ದಿನದಲ್ಲಿ ತುರಿಕೆ ನಿಲ್ಲುತ್ತದೆ, ಯಾಕೆಂದರೆ ಸ್ಟಿರಾಯ್ಡ್ ಕಟ್ಟಿಹಾಕುವುದು ನಮ್ಮ ಚರ್ಮದ ಪ್ರತಿರೋಧವನ್ನು. ಶಿಲೀಂಧ್ರ ಅಡಿಯಲ್ಲಿ ಆರಾಮಾಗಿ ಹಬ್ಬುತ್ತದೆ. ಉಂಗುರದ ಅಂಚು ಮಾಸಿಹೋಗಿ ನೋಡಿದವರಿಗೆ ಇದು ಹುಳಕಡ್ಡಿ ಅಂತಲೇ ಅನಿಸುವುದಿಲ್ಲ. ಟ್ಯೂಬು ಬಿಟ್ಟರೆ ದುಪ್ಪಟ್ಟು ಏಳುತ್ತದೆ, ಮತ್ತೆ ಹಚ್ಚಿದರೆ ತೊಡೆಯ ಚರ್ಮ ತೆಳುವಾಗಿ ಶಾಶ್ವತವಾಗಿ ಗೆರೆ ಬೀಳುತ್ತದೆ.

ಅನುಮಾನವಿದ್ದರೆ ವೈದ್ಯರು ಗಾಯದ ನಡುವಿನಿಂದಲ್ಲ, ಅಂಚಿನಿಂದ ಹೊಟ್ಟು ಕೆರೆದು ಗಾಜಿನ ಮೇಲೆ 10% ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕುತ್ತಾರೆ. ಚರ್ಮದ ಕೋಶ ಕರಗಿ, ಕವಲೊಡೆದ ಎಳೆಗಳು ಸೂಕ್ಷ್ಮದರ್ಶಕದಲ್ಲಿ ಕಾಣುತ್ತವೆ. ಟರ್ಬಿನಾಫಿನ್ ಸೋತಲ್ಲಿ ಇಟ್ರಾಕೊನಜೋಲ್ ಎಂಬ ಇನ್ನೊಂದು ಶಿಲೀಂಧ್ರನಾಶಕ ಕೊಡುತ್ತಾರೆ. ಅದರ ಕ್ಯಾಪ್ಸೂಲು ಊಟವಾದ ಕೂಡಲೇ ನುಂಗಬೇಕು. ಆ್ಯಸಿಡಿಟಿ ಮಾತ್ರೆ ಜೊತೆಗಿದ್ದರೆ ಸರಿಯಾಗಿ ಹೀರಿಕೆಯಾಗುವುದಿಲ್ಲ. ಹೃದಯ ವೈಫಲ್ಯವಿದ್ದವರಿಗೆ ಇದು ಆಗದು. ಸ್ಟಿರಾಯ್ಡ್ ಇಲ್ಲದ ಶಿಲೀಂಧ್ರನಾಶಕ ಮುಲಾಮನ್ನು ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೂ ಹಚ್ಚಿ, ಕಲೆ ಮಾಯವಾದ ಮೇಲೂ ಎರಡು ವಾರ ಬಿಡಬಾರದು.

ಮನೆಯಲ್ಲಿ ಇನ್ನೊಬ್ಬರಿಗಿದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಟವಲ್ ಬೇರೆ, ಒಳಬಟ್ಟೆಗೆ ಬಿಸಿನೀರು, ಬಿಸಿಲು. ಎಲ್ಲವನ್ನೂ ಒಗೆದವರು ಸೊಂಟದ ಉಡದಾರವನ್ನು ಮರೆತಿರುತ್ತಾರೆ. ಔಷಧಿ ಶುರುಮಾಡಿದ ದಿನವೇ ಅದನ್ನು ಕತ್ತರಿಸಿ ತೆಗೆಯಿರಿ; ಹೊಸದನ್ನು ಗುಣವಾದ ಮೇಲೆ ಕಟ್ಟಿಕೊಂಡರಾಯಿತು.