ಎಫ್‌ಟಿಪಿ ಸರ್ವರ್ ಹಾಕುವ ಮುಂಚೆ: ಫೈಲ್ ಕಳಿಸೋದು ಮನುಷ್ಯರಾ, ಮೆಷಿನ್ನಾ?

"ಸಾರ್, ಲಿನಕ್ಸ್‌ನಲ್ಲಿ ಒಂದು ಎಫ್‌ಟಿಪಿ ಸರ್ವರ್ ಹಾಕಿಕೊಡಿ" ಅಂತ ಕೇಳುವವರು ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ ಕಡೆ ಈಗಲೂ ಇದ್ದಾರೆ. ಎಫ್‌ಟಿಪಿ ಅಂದರೆ ನೆಟ್‌ವರ್ಕ್ ಮೂಲಕ ಫೈಲ್ ಕಳಿಸುವ, ಪಡೆಯುವ ಹಳೆಯ ವಿಧಾನ. ಮದುವೆ ಸೀಸನ್ ಬಂತು ಅಂದರೆ ಸ್ಟುಡಿಯೋದವರು ರಾಶಿ ಫೋಟೊ, ವಿಡಿಯೋಗಳನ್ನು ಮೈಸೂರಿನ ಆಲ್ಬಂ ಪ್ರೆಸ್ಸಿಗೆ ಕಳಿಸಬೇಕು. ತೋಟದ ಗೇಟಿನ ಕ್ಯಾಮೆರಾ ತೆಗೆದ ಚಿತ್ರಗಳೆಲ್ಲ ಆಫೀಸಿನ ಕಂಪ್ಯೂಟರಿಗೆ ಬಂದು ಸೇರಬೇಕು. ಹೋಮ್‌ಸ್ಟೇಯವರಿಗೆ ಸ್ಕ್ಯಾನರ್‌ನಿಂದ ಅತಿಥಿಗಳ ಗುರುತಿನ ಚೀಟಿ ನೇರವಾಗಿ ಫೋಲ್ಡರಿಗೆ ಬೀಳಬೇಕು. ಕೇಳುವ ಮಾತು ಒಂದೇ, ಕೆಲಸ ಬೇರೆ ಬೇರೆ. ಅದಕ್ಕೇ ನಾನು ಮೊದಲು ಕೇಳುವುದು, ಫೈಲ್ ಕಳಿಸುವುದು ಮನುಷ್ಯರಾ, ಮೆಷಿನ್ನಾ ಅಂತ.

ಮನುಷ್ಯರು ಅಂದರೆ ಎಫ್‌ಟಿಪಿ ಬೇಡವೇ ಬೇಡ. ಎಫ್‌ಟಿಪಿಯನ್ನು ಮೊದಲು ಬರೆದಿಟ್ಟವರು ಅಭಯ್ ಭೂಷಣ್, ಐಐಟಿ ಕಾನ್ಪುರದಲ್ಲಿ ಓದಿ ಎಂಐಟಿಗೆ ಹೋದವರು, 1971ರಲ್ಲಿ. ಆಗ ನೆಟ್‌ವರ್ಕ್‌ನಲ್ಲಿ ಇದ್ದದ್ದೇ ಕೆಲವು ಸಂಶೋಧನಾ ಕೇಂದ್ರಗಳು, ಪಾಸ್‌ವರ್ಡ್ ಮುಚ್ಚಿ ಕಳಿಸುವ ಏರ್ಪಾಡು ಅದರಲ್ಲಿ ಇರಲಿಲ್ಲ. ನೆಟ್‌ವರ್ಕ್‌ನಲ್ಲಿ ಓಡಾಡುವುದನ್ನು ತೋರಿಸುವ ಟಿಸಿಪಿಡಂಪ್ ಹಾಕಿ ನೋಡಿ, 'ಯೂಸರ್' ಅಂತ ಒಂದು ಸಾಲು, 'ಪಾಸ್' ಅಂತ ಇನ್ನೊಂದು, ಅದರ ಮುಂದೆ ಪಾಸ್‌ವರ್ಡ್ ಇದ್ದ ಹಾಗೇ ಕಾಣುತ್ತದೆ. ಅತಿಥಿಗಳಿಗೂ ಆಫೀಸಿಗೂ ಒಂದೇ ವೈಫೈ ಕೊಟ್ಟಿರುವ ಹೋಮ್‌ಸ್ಟೇಯಲ್ಲಿ ಇದು ನಿಜಕ್ಕೂ ಅಪಾಯ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲೇ ಎಫ್‌ಟಿಪಿಯನ್ನು ಕೈಬಿಟ್ಟಿವೆ.

ಅದರ ಬದಲು ಎಸ್‌ಎಫ್‌ಟಿಪಿ ಬಳಸಿ. ಹೆಸರು ಹತ್ತಿರ ಇದ್ದರೂ ಅದು ಎಸ್‌ಎಸ್‌ಎಚ್ (ಎಲ್ಲವನ್ನೂ ಮುಚ್ಚಿ ಕಳಿಸುವ ಸಂಪರ್ಕ) ಮೇಲೆ ನಡೆಯುವ ಬೇರೆಯೇ ವ್ಯವಸ್ಥೆ. ಓಪನ್‌ಎಸ್‌ಎಸ್‌ಎಚ್ ಸರ್ವರ್ ಇದ್ದರೆ ಹೊಸದಾಗಿ ಏನೂ ಹಾಕಬೇಕಿಲ್ಲ, ಪೋರ್ಟ್ 22 (ಪೋರ್ಟ್ ಅಂದರೆ ಸರ್ವರಿನ ನಂಬರ್ ಹಾಕಿದ ಬಾಗಿಲು) ಒಂದೇ ಸಾಕು. ಫೈಲ್‌ಜಿಲ್ಲಾ ಅನ್ನೋ ಪ್ರೋಗ್ರಾಮಿನಿಂದ ಕಳಿಸುತ್ತಿರುವಾಗ ಮಳೆಗೆ ಲೈನ್ ಕಟ್ ಆದರೂ ನಿಂತ ಕಡೆಯಿಂದಲೇ ಮುಂದುವರಿಸಬಹುದು. ಜೂನ್ ಜುಲೈನಲ್ಲಿ ನಮ್ಮೂರಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಒಂದು ಕಡೆ ಮಾತ್ರ ಹುಷಾರಾಗಿರಬೇಕು. ಬಳಕೆದಾರರು ತಮ್ಮ ಫೋಲ್ಡರ್ ಬಿಟ್ಟು ಆಚೆ ಹೋಗದ ಹಾಗೆ ಸಿಎಚ್-ರೂಟ್ ಹಾಕುತ್ತೀರಲ್ವಾ, ಆ ಫೋಲ್ಡರಿನ ಮಾಲೀಕ ರೂಟ್ (ಸಿಸ್ಟಂನ ಮುಖ್ಯ ಖಾತೆ) ಆಗಿರಬೇಕು, ಬೇರೆ ಯಾರಿಗೂ ಅದರಲ್ಲಿ ಬರೆಯುವ ಅನುಮತಿ ಇರಬಾರದು. ಅದರ ಒಳಗೆ 'ಅಪ್‌ಲೋಡ್' ಅಂತ ಇನ್ನೊಂದು ಫೋಲ್ಡರ್ ಮಾಡಿ ಅದನ್ನು ಬಳಕೆದಾರರ ಹೆಸರಿಗೆ ಕೊಡಿ. ಇದು ತಪ್ಪಿದರೆ ಪಾಸ್‌ವರ್ಡ್ ಸರಿ ಇದ್ದರೂ ಕನೆಕ್ಷನ್ ಸುಮ್ನೆ ಕಟ್ ಆಗುತ್ತದೆ, ಕಾರಣ ಸರ್ವರಿನ ಲಾಗ್‌ನಲ್ಲಿ ಮಾತ್ರ ಸಿಗುತ್ತದೆ.

ಇನ್ನು ಮೆಷಿನ್ನುಗಳ ವಿಷಯ. ಎಷ್ಟೋ ಕ್ಯಾಮೆರಾ, ಸ್ಕ್ಯಾನರ್‌ಗಳಿಗೆ ಎಫ್‌ಟಿಪಿ ಬಿಟ್ಟರೆ ಬೇರೆ ದಾರಿ ಗೊತ್ತಿಲ್ಲ. ಅವಕ್ಕೋಸ್ಕರ ಎಫ್‌ಟಿಪಿ ಹಾಕಲೇಬೇಕು, ಆದರೆ ಅದು ಮನೆಯ ನೆಟ್‌ವರ್ಕ್ ಒಳಗೇ ಇರಲಿ. ಅತಿಥಿಗಳ ವೈಫೈಯನ್ನು ಬೇರೆ ಮಾಡಿ.

ಯಾವ ಸರ್ವರ್? ಪ್ರೋಎಫ್‌ಟಿಪಿಡಿಯಲ್ಲಿ ಸೌಲಭ್ಯ ಜಾಸ್ತಿ, ಅಪಾಚೆ ವೆಬ್ ಸರ್ವರ್ ಗೊತ್ತಿದ್ದವರಿಗೆ ಅದರ ಕಾನ್ಫಿಗ್ ಬೇಗ ಒಗ್ಗುತ್ತದೆ. ಲಿನಕ್ಸ್ ಖಾತೆ ತೆರೆಯದೆ ಬರೀ ಎಫ್‌ಟಿಪಿಗೆ ಅಂತ ತುಂಬಾ ಬಳಕೆದಾರರು ಬೇಕಿದ್ದರೆ ಪ್ಯೂರ್-ಎಫ್‌ಟಿಪಿಡಿ ಅನುಕೂಲ. ನಾಲ್ಕು ಕ್ಯಾಮೆರಾ, ಒಂದು ಸ್ಕ್ಯಾನರ್ ಇರುವ ತೋಟದ ಆಫೀಸಿಗೆ ನನ್ನ ಆಯ್ಕೆ ಯಾವಾಗಲೂ ವಿಎಸ್‌ಎಫ್‌ಟಿಪಿಡಿ. ಚಿಕ್ಕದು, ಗಟ್ಟಿ. ನಿಮ್ಮ ಲಿನಕ್ಸ್‌ನವರೇ ಇಟ್ಟಿರುವ ರೆಪೊಸಿಟರಿಯಿಂದಲೇ ಹಾಕಿಕೊಳ್ಳಿ. 2011ರಲ್ಲಿ ಅದರ 2.3.4 ಆವೃತ್ತಿಯ ಡೌನ್‌ಲೋಡ್ ಫೈಲಿನೊಳಗೆ ಯಾರೋ ಕಳ್ಳಬಾಗಿಲು ಸೇರಿಸಿದ್ದರು, ಬಳಕೆದಾರರ ಹೆಸರಿನಲ್ಲಿ ನಗುಮುಖದ ಚಿಹ್ನೆ ಹಾಕಿದರೆ ಪೋರ್ಟ್ 6200 ತೆರೆದುಕೊಳ್ಳುತ್ತಿತ್ತು.

ಹಾಕಿದ ಮೇಲೆ ಮೂರು ಕಡೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಕ್ಯಾಮೆರಾಗೆ ಅಂತ ಮಾಡಿದ ಖಾತೆಗೆ ಶೆಲ್ (ಕಮಾಂಡ್ ಕೊಡುವ ಸೌಲಭ್ಯ) ಬೇಡ ಅಂತ 'ನೋಲಾಗಿನ್' ಕೊಡುತ್ತಾರೆ, ಅದು ಒಳ್ಳೆಯದೇ. ಆದರೆ ಡೆಬಿಯನ್, ಉಬುಂಟುಗಳಲ್ಲಿ ಆ ನೋಲಾಗಿನ್‌ನ ಪೂರ್ತಿ ಪಾತ್ ಇಟಿಸಿಯೊಳಗಿನ 'ಶೆಲ್ಸ್' ಫೈಲಿನಲ್ಲಿ ಇಲ್ಲದಿದ್ದರೆ ಪಾಸ್‌ವರ್ಡ್ ಎಷ್ಟೇ ಸರಿ ಇದ್ದರೂ ಸರ್ವರ್ 530 ಅನ್ನೋ ಎರರ್ ಕೊಟ್ಟು ವಾಪಸ್ ಕಳಿಸುತ್ತದೆ. ಎರಡನೆಯದು, ಸಿಎಚ್-ರೂಟ್ ಹಾಕಿದ ಫೋಲ್ಡರಿನಲ್ಲಿ ಬಳಕೆದಾರರಿಗೆ ಬರೆಯುವ ಅನುಮತಿ ಇದ್ದರೆ ವಿಎಸ್‌ಎಫ್‌ಟಿಪಿಡಿ 500 ಅಂತ ಹೇಳಿ ಒಳಗೇ ಬಿಡುವುದಿಲ್ಲ. ಆ ತಪಾಸಣೆಯನ್ನು ಆಫ್ ಮಾಡುವ ಸಾಲು ಹುಡುಕಿದರೆ ಸಿಗುತ್ತದೆ, ಹಾಕಬೇಡಿ. ಮೇಲೆ ಹೇಳಿದ ಹಾಗೆ ಒಳಗೊಂದು ಫೋಲ್ಡರ್ ಮಾಡಿ.

ಮೂರನೆಯದೇ ಜಾಸ್ತಿ ತಲೆ ತಿನ್ನುವುದು. ಲಾಗಿನ್ ಆಗುತ್ತದೆ, ಫೈಲ್ ಪಟ್ಟಿ ಮಾತ್ರ ಬರುವುದಿಲ್ಲ, ಕಾದು ಕಾದು ಕಟ್ ಆಗುತ್ತದೆ. ಯಾಕೆಂದರೆ ಎಫ್‌ಟಿಪಿಗೆ ಎರಡು ದಾರಿ ಬೇಕು. ಮಾತುಕತೆಗೆ ಪೋರ್ಟ್ 21, ಡೇಟಾಕ್ಕೆ ಪ್ರತಿಸಲ ಹೊಸದೊಂದು. ಪ್ಯಾಸಿವ್ ಮೋಡ್‌ನಲ್ಲಿ, ಅಂದರೆ ಡೇಟಾದ ಪೋರ್ಟನ್ನು ಸರ್ವರ್ರೇ ಹೇಳುವ ಕ್ರಮದಲ್ಲಿ, ಸರ್ವರ್ 227 ಅಂತ ಶುರುವಾಗುವ ಒಂದು ಉತ್ತರ ಕೊಡುತ್ತದೆ, ಅದರಲ್ಲಿ ಆರು ಅಂಕಿ ಇರುತ್ತವೆ, 192,168,1,10,156,64 ಅನ್ನೋ ತರ. ಮೊದಲ ನಾಲ್ಕು ಐಪಿ ವಿಳಾಸ. ಐದನೆಯದನ್ನು 256ರಿಂದ ಗುಣಿಸಿ ಆರನೆಯದನ್ನು ಕೂಡಿದರೆ ಪೋರ್ಟ್: 156 ಗುಣಿಸು 256, ಕೂಡು 64, ಅಂದರೆ 40000. ಆ ಪೋರ್ಟ್ ಫೈರ್‌ವಾಲ್‌ನಲ್ಲಿ ಮುಚ್ಚಿದ್ದರೆ ಮುಂದೆ ಏನೂ ನಡೆಯುವುದಿಲ್ಲ. ಪ್ಯಾಸಿವ್ ಪೋರ್ಟ್‌ಗಳ ಕನಿಷ್ಠ, ಗರಿಷ್ಠ ಎರಡನ್ನೂ ಕಾನ್ಫಿಗ್‌ನಲ್ಲಿ ಬರೆದು, ಉದಾಹರಣೆಗೆ 40000ದಿಂದ 40050, ಅಷ್ಟನ್ನು ಮಾತ್ರ ತೆರೆಯಿರಿ. ಎಫ್‌ಟಿಪಿ ಮಾತುಕತೆಯನ್ನು ಮುಚ್ಚುವ ಟಿಎಲ್‌ಎಸ್ ಹಾಕಿದರಂತೂ ಇದು ಕಡ್ಡಾಯ, ಮುಚ್ಚಿದ ಮಾತುಕತೆಯನ್ನು ಓದಿ ಪೋರ್ಟ್ ತೆರೆಯುವುದು ಫೈರ್‌ವಾಲ್‌ಗೆ ಆಗುವುದಿಲ್ಲ.

ಹೊರಗಿನಿಂದ ಎಸ್‌ಎಫ್‌ಟಿಪಿಯಲ್ಲಿ ಬರುವ ಫೈಲ್‌ಗೆ ಪೋರ್ಟ್ ಫಾರ್ವರ್ಡ್ ಮಾಡಲು (ರೂಟರ್‌ಗೆ ಬಂದದ್ದನ್ನು ಸರ್ವರಿಗೆ ದಾಟಿಸಲು) ಕೂರುವ ಮುಂಚೆ ರೂಟರ್‌ನಲ್ಲಿ ವ್ಯಾನ್ ಐಪಿ (ಅದರ ಹೊರಗಿನ ವಿಳಾಸ) ನೋಡಿ. 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ಅದು ಇಂಟರ್ನೆಟ್ ಕಂಪನಿ ಹಲವರಿಗೆ ಹಂಚಿದ ವಿಳಾಸ, ನೀವು ಏನು ಮಾಡಿದರೂ ಹೊರಗಿನವರು ಒಳಗೆ ತಲುಪುವುದಿಲ್ಲ. ನಿಮಗೇ ಮೀಸಲಾದ ಸ್ಟ್ಯಾಟಿಕ್ ಐಪಿ ಕೇಳಿ, ಇಲ್ಲವಾದರೆ ಬಾಡಿಗೆಗೆ ಇಂಟರ್ನೆಟ್‌ನಲ್ಲಿರುವ ಒಂದು ಚಿಕ್ಕ ಸರ್ವರ್ (ವಿಪಿಎಸ್) ತೆಗೆದುಕೊಂಡು ಅಲ್ಲೇ ಎಸ್‌ಎಫ್‌ಟಿಪಿ ಹಾಕಿ.

ಕೊನೆಯದಾಗಿ ಕರೆಂಟ್. ಕರೆಂಟ್ ಹೋಗಿ ಬಂದಾಗ ಹೊರಗಿನ ಹಾರ್ಡ್‌ಡಿಸ್ಕ್ ಮೌಂಟ್ ಆಗದೆ (ತನ್ನ ಫೋಲ್ಡರಿಗೆ ಜೋಡಣೆಯಾಗದೆ) ಉಳಿದರೆ, ಕ್ಯಾಮೆರಾದ ಚಿತ್ರಗಳು ಅದೇ ಹೆಸರಿನ ಖಾಲಿ ಫೋಲ್ಡರಿಗೆ ಬಿದ್ದು ಮುಖ್ಯ ಡಿಸ್ಕ್ ತುಂಬಿಸುತ್ತವೆ, ಸರ್ವರ್ರೇ ನಿಂತುಹೋಗುತ್ತದೆ. ಡಿಸ್ಕ್ ಬಿಚ್ಚಿಟ್ಟು, ಆ ಖಾಲಿ ಫೋಲ್ಡರಿನ ಮೇಲೆ ಯಾರೂ ಏನೂ ಬರೆಯದ ಹಾಗೆ ಬೀಗ ಹಾಕುವ ಚ್ಯಾಟರ್ ಕಮಾಂಡಿನ ಪ್ಲಸ್ ಐ ಹಾಕಿ, ಆಮೇಲೆ ಮೌಂಟ್ ಮಾಡಿ. ಡಿಸ್ಕ್ ಇಲ್ಲದಾಗ ಬರೆಯಲು ಬಂದ ಫೈಲ್ ಅಲ್ಲೇ ನಿಲ್ಲುತ್ತದೆ, ಲಾಗ್‌ನಲ್ಲೂ ಗೊತ್ತಾಗುತ್ತದೆ. ಯುಪಿಎಸ್ ತೆಗೆದು, ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿ, ಎಲ್ಲ ತಾನಾಗಿ ಏಳುತ್ತದಾ ಅಂತ ಮೇ ತಿಂಗಳಲ್ಲೇ ಒಮ್ಮೆ ಪರೀಕ್ಷೆ ಮಾಡಿಬಿಡಿ.