ಗ್ಯಾಸ್ ಗೀಸರ್: ಎಷ್ಟು ಲೀಟರ್, ಎಷ್ಟು ಗಾಳಿ?

ಗ್ಯಾಸ್ ಗೀಸರ್ ಕೊಳ್ಳಲು ಬೆಂಗಳೂರಿನ ಯಾವ ಅಂಗಡಿಗೆ ಹೋದರೂ ಮೊದಲು ಕೇಳುವುದು ಒಂದೇ ಮಾತು: "ಎಷ್ಟು ಲೀಟರ್‌ದು ಕೊಡ್ಲಿ ಸಾರ್?" ಕರೆಂಟಿನ ಗೀಸರ್ ಬಳಸಿ ಅಭ್ಯಾಸವಾದವರಿಗೆ ಆರು ಲೀಟರ್ ಅಂದ ಕೂಡಲೇ ಅನುಮಾನ. ಒಂದು ಬಕೆಟ್ಟೂ ತುಂಬಲ್ಲವಲ್ಲ! ಆದರೆ ಗ್ಯಾಸ್ ಗೀಸರಿನೊಳಗೆ ನೀರು ತುಂಬಿಡುವ ಟ್ಯಾಂಕೇ ಇರುವುದಿಲ್ಲ. ತಾಮ್ರದ ಕೊಳವೆಯಲ್ಲಿ ನೀರು ಹರಿಯುತ್ತದೆ, ಕೆಳಗೆ ಬರ್ನರ್ ಉರಿಯುತ್ತದೆ, ಅಷ್ಟೇ. ಆರು ಲೀಟರ್ ಅಂದರೆ ನಿಮಿಷಕ್ಕೆ ಆರು ಲೀಟರ್. ಅದೂ ಸಾಮಾನ್ಯವಾಗಿ 25 ಡಿಗ್ರಿ ಬಿಸಿ ಏರಿಸುವ ಲೆಕ್ಕದಲ್ಲಿ.

ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿರುವ ಆ 25 ಡಿಗ್ರಿಯನ್ನು ಯಾರೂ ಗಮನಿಸುವುದಿಲ್ಲ. ಲೆಕ್ಕ ಕೂತಿರುವುದು ಅಲ್ಲೇ. ನಿಮಿಷಕ್ಕೆ ಬೇಕಾದ ಲೀಟರನ್ನು ಏರಿಸಬೇಕಾದ ಡಿಗ್ರಿಯಿಂದ ಗುಣಿಸಿ, ಬಂದದ್ದನ್ನು 0.07ರಿಂದ ಗುಣಿಸಿ. ಸಿಗುವುದು ಕಿಲೋವ್ಯಾಟ್. ಆರು ಲೀಟರ್, 25 ಡಿಗ್ರಿ ಅಂದರೆ ಹತ್ತೂವರೆ ಕಿಲೋವ್ಯಾಟ್.

ನಮ್ಮೂರಿನ ಚಳಿಯ ಬಗ್ಗೆ ನಾವು ಎಷ್ಟೇ ಮಾತಾಡಿದರೂ ಅದು ಅಂಥ ದೊಡ್ಡ ಚಳಿಯೇನಲ್ಲ. 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದದ್ದೇ ಬೆಂಗಳೂರಿನ ದಾಖಲೆ. ಜನವರಿ ಬೆಳಗ್ಗೆ ಓವರ್‌ಹೆಡ್ ಟ್ಯಾಂಕಿನ ನೀರು 18 ಡಿಗ್ರಿ ಇದೆ ಅಂದುಕೊಳ್ಳೋಣ. ಸ್ನಾನಕ್ಕೆ 40 ಡಿಗ್ರಿ ಸಾಕು. ಏರಿಸಬೇಕಾದದ್ದು 22 ಡಿಗ್ರಿ. ಆರು ಲೀಟರಿನ ಗೀಸರ್ ಆಗ ನಿಮಿಷಕ್ಕೆ ಏಳು ಲೀಟರಿನ ಹತ್ತಿರ ಬಿಸಿನೀರು ಕೊಡುತ್ತದೆ. 20 ಲೀಟರಿನ ಬಕೆಟ್ ಮೂರು ನಿಮಿಷದಲ್ಲಿ ತುಂಬುತ್ತದೆ. ಏಪ್ರಿಲ್‌ನಲ್ಲಿ ಟ್ಯಾಂಕಿನ ನೀರೇ 27 ಡಿಗ್ರಿ ಇದ್ದರೆ ಏರಿಸಬೇಕಾದದ್ದು ಬರೀ 13. ಬೆಂಕಿ ಪೂರ್ತಿ ಬಿಟ್ಟರೆ ಮೈ ಸುಡುತ್ತದೆ. ಗೀಸರಿನ ಮುಂದೆ ಬೇಸಿಗೆ, ಚಳಿಗಾಲ ಅಂತ ಒಂದು ಗುಂಡಿ ಇರುತ್ತದಲ್ಲ, ಅದು ಇರುವುದು ಇದಕ್ಕೇ.

ಬಕೆಟ್ ಸ್ನಾನದ ಮನೆಗೆ ಆರು ಲೀಟರ್ ಧಾರಾಳ. ದೊಡ್ಡ ಶವರ್ ಹಾಕಿಸಿದವರಿಗೆ, ಒಂದೇ ಗೀಸರಿನಿಂದ ಎರಡು ಬಾತ್‌ರೂಮಿಗೆ ಲೈನ್ ಎಳೆದವರಿಗೆ ಹತ್ತು ಬೇಕಾದೀತು. ಮೇಲಿನ ಮಹಡಿಯವರು ಇನ್ನೊಂದು ನೋಡಿಕೊಳ್ಳಬೇಕು. ನೀರಿನ ಒತ್ತಡ ಸಾಕಷ್ಟಿದ್ದರೆ ಮಾತ್ರ ಒಳಗಿನ ಡಯಾಫ್ರಮ್ ಅನ್ನುವ ರಬ್ಬರಿನ ಪರದೆ ಸರಿದು ಗ್ಯಾಸ್ ಬಿಡುತ್ತದೆ. ಟ್ಯಾಂಕ್ ತಲೆಯ ಮೇಲೇ ಕೂತಿದ್ದರೆ ಒತ್ತಡ ಸಾಲದೆ ಗೀಸರ್ ಹೊತ್ತುವುದೇ ಇಲ್ಲ. ಆಗ ಎಲ್ಲರೂ ಬೈಯುವುದು ಕಿಡಿ ಹೊತ್ತಿಸುವ ಬ್ಯಾಟರಿ ಸೆಲ್ಲನ್ನು.

ಕರೆಂಟಿನಲ್ಲೇ ಇಷ್ಟು ಬಿಸಿ ಮಾಡಿದರೆ ಆಗದೇ ಅಂತ ಕೇಳಬಹುದು. ಹತ್ತೂವರೆ ಕಿಲೋವ್ಯಾಟಿಗೆ 230 ವೋಲ್ಟಿನಲ್ಲಿ ಸುಮಾರು 46 ಆಂಪಿಯರ್ ಬೇಕು. ಬಾತ್‌ರೂಮಿನ ಪ್ಲಗ್ ಪಾಯಿಂಟ್ ತಡೆಯುವುದು 16. ಅದಕ್ಕೇ ಕರೆಂಟಿನ ಇನ್‌ಸ್ಟಂಟ್ ಗೀಸರ್ ಮೂರು ಕಿಲೋವ್ಯಾಟಿಗೆ ನಿಲ್ಲುತ್ತದೆ, ಚಳಿಗಾಲದಲ್ಲಿ ನಿಮಿಷಕ್ಕೆ ಎರಡು ಲೀಟರ್ ಕೊಟ್ಟರೆ ಹೆಚ್ಚು. ಗ್ಯಾಸಿಗೆ ಆ ಗೋಳಿಲ್ಲ. ಒಂದು ಕಿಲೋ ಎಲ್‌ಪಿಜಿಯಲ್ಲಿ ಸುಮಾರು 46 ಮೆಗಾಜೂಲ್ ಶಾಖ ಅಡಗಿದೆ. ಆರನೇ ಒಂದು ಪಾಲು ಬಿಸಿಗಾಳಿಯಲ್ಲಿ ದಂಡವಾದರೂ ಚಳಿಗಾಲದ ಒಂದು ಬಕೆಟ್ಟಿಗೆ 50 ಗ್ರಾಂ ಒಳಗೇ ಮುಗಿಯುತ್ತದೆ. 14.2 ಕಿಲೋದ ಒಂದು ಸಿಲಿಂಡರಿಗೆ ಹತ್ತಿರ ಹತ್ತಿರ 300 ಬಕೆಟ್.

ಇಲ್ಲಿಗೆ ಅಂಗಡಿಯವನ ಪ್ರಶ್ನೆ ಮುಗಿಯಿತು. ಅವನು ಕೇಳದೆ ಬಿಡುವ ಇನ್ನೊಂದು ಪ್ರಶ್ನೆಯಿದೆ: ಈ ಬೆಂಕಿಗೆ ಗಾಳಿ ಎಲ್ಲಿಂದ?

ಆರು ಲೀಟರಿನ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಗ್ಯಾಸ್ ಸುಡುತ್ತದೆ. ಒಂದು ಕಿಲೋ ಎಲ್‌ಪಿಜಿ ಸರಿಯಾಗಿ ಉರಿಯಲು ಹದಿನೈದೂವರೆ ಕಿಲೋ ಗಾಳಿ ಬೇಕು. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತು ಪರ್ಸೆಂಟ್ ಕಡಿಮೆ. ಹಾಗಾಗಿ ಅಷ್ಟೇ ತೂಕಕ್ಕೆ ಜಾಸ್ತಿ ಗಾಳಿ ಎಳೆಯಬೇಕು, ಗಂಟೆಗೆ ಸುಮಾರು 14 ಘನ ಮೀಟರ್.

ಈಗ ನಮ್ಮ ಬಾತ್‌ರೂಮ್ ಅಳೆಯೋಣ. ಐದಡಿ ಅಗಲ, ಏಳಡಿ ಉದ್ದ, ಒಂಬತ್ತಡಿ ಎತ್ತರ. ಒಟ್ಟು ಒಂಬತ್ತು ಘನ ಮೀಟರ್ ಗಾಳಿ. ಚಳಿ ಅಂತ ಬಾಗಿಲು ಹಾಕಿ, ವೆಂಟಿಲೇಟರಿಗೆ ರಟ್ಟು ಸಿಕ್ಕಿಸಿದ್ದೇವೆ. ಗಾಳಿಯಲ್ಲಿ ಆಮ್ಲಜನಕ ಸಾಮಾನ್ಯವಾಗಿ 21 ಪರ್ಸೆಂಟ್ ಇರುತ್ತದೆ. ಹೊರಗಿನ ಗಾಳಿ ಚೂರೂ ಬರದಿದ್ದರೆ ಅದು ಅಪಾಯದ 18ಕ್ಕೆ ಇಳಿಯಲು ಬೇಕಾಗುವುದು ಐದು ನಿಮಿಷ ಮಾತ್ರ. ಎರಡು ಬಕೆಟ್ ಕೂಡ ತುಂಬಿರುವುದಿಲ್ಲ. ನಿಜವಾದ ಬಾತ್‌ರೂಮಿನಲ್ಲಿ ಬಾಗಿಲ ಸಂದಿಯಿಂದ ಒಂದಿಷ್ಟು ಗಾಳಿ ನುಸುಳುತ್ತದೆ, ಇನ್ನೂ ಕೆಲವು ನಿಮಿಷ ಸಿಗಬಹುದು. ಆ ಸಂದಿಯನ್ನೇ ನಂಬಿ ಸ್ನಾನ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

ಈ ಬೆಂಕಿ ಎಷ್ಟು ದೊಡ್ಡದು ಅನ್ನಲು ಒಂದು ಹೋಲಿಕೆ. ಅಮೆರಿಕದ ಹಿಮ ಬೀಳುವ ಊರುಗಳಲ್ಲಿ ಗ್ಯಾರೇಜ್ ಬೆಚ್ಚಗಿಡಲು ಪ್ರೊಪೇನ್ ಗ್ಯಾಸಿನ ಹೀಟರ್ ಬಳಸುತ್ತಾರೆ. ಅಲ್ಲಿ ಗೋಡೆ, ಚಾವಣಿ, ಬಾಗಿಲುಗಳಿಂದ ಸೋರಿಹೋಗುವ ಶಾಖ ನೋಡಿ ಹೀಟರಿನ ಅಳತೆ ಗೊತ್ತುಮಾಡುತ್ತಾರೆ. ಎರಡು ಕಾರು ನಿಲ್ಲುವ ಗ್ಯಾರೇಜಿಗೆ ಸಾಮಾನ್ಯವಾಗಿ ಹೇಳುವುದು ಗಂಟೆಗೆ 30,000ದಿಂದ 45,000 ಬಿಟಿಯು (ಶಾಖ ಅಳೆಯುವ ಅಲ್ಲಿನ ಮಾನ). ನಮ್ಮ ಆರು ಲೀಟರಿನ ಗೀಸರ್ ಸುಡುವ ಗ್ಯಾಸನ್ನು ಅದೇ ಅಳತೆಗೆ ತಂದರೆ ಸುಮಾರು 43,000 ಬಿಟಿಯು! 24 ಅಡಿಗೆ 24 ಅಡಿ ಗ್ಯಾರೇಜಿನ ಹೀಟರಿನಷ್ಟೇ ದೊಡ್ಡ ಬೆಂಕಿಯನ್ನು, ಅದರ ಸುಮಾರು ಹದಿನೈದನೇ ಒಂದು ಪಾಲು ಗಾಳಿಯಿರುವ ಕೋಣೆಯಲ್ಲಿ ಹೊತ್ತಿಸಿಕೊಂಡು ಮೈಗೆ ಸೋಪು ಹಚ್ಚಿಕೊಳ್ಳುತ್ತೇವೆ. ಹೊಗೆಕೊಳವೆ ಇಲ್ಲದ ಅಲ್ಲಿನ ಹಲವು ಹೀಟರ್‌ಗಳಲ್ಲಿ ಆಮ್ಲಜನಕ 18 ಪರ್ಸೆಂಟಿನ ಹತ್ತಿರ ಬಂದರೆ ಗ್ಯಾಸ್ ನಿಲ್ಲಿಸುವ ಸಾಧನ ಇರುತ್ತದೆ. ನಮ್ಮಲ್ಲಿ ಕೆಲವು ಗೀಸರ್‌ಗಳು 20 ನಿಮಿಷಕ್ಕೆ ತಾವೇ ಆರುತ್ತವೆ. ಒಳ್ಳೆಯದೇ. ಆದರೆ ಅದು ಎಣಿಸುವುದು ನಿಮಿಷ, ಆಮ್ಲಜನಕ ಅಲ್ಲ. ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸಿದರೆ ಎಣಿಕೆ ಮೊದಲಿನಿಂದ ಶುರು.

ಆಮ್ಲಜನಕ ಸಾಲದೆ ಹೋದಾಗ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅಜ್ಜಿ ಕಾಲದ ಬಚ್ಚಲುಮನೆಯಲ್ಲಿ ಹಂಡೆಗೆ ಸೌದೆ ಒಟ್ಟಿದರೆ ಕಣ್ಣು ಉರಿದು, ಕೆಮ್ಮು ಬಂದು ಜನ ಹೊರಗೆ ಓಡುತ್ತಿದ್ದರು. ಈ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣೂ ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಲ್ಲಿ ಶಕ್ತಿ ಇಲ್ಲದಂತಾಗುವುದು, ಆಮೇಲೆ ಪ್ರಜ್ಞೆ ತಪ್ಪುವುದು. ಚಿಲಕ ಒಳಗಿನಿಂದ ಹಾಕಿರುತ್ತದೆ. ಬೆಂಗಳೂರಿನ ಪತ್ರಿಕೆಗಳಲ್ಲಿ ಇಂಥ ಸಾವಿನ ಸುದ್ದಿ ಮತ್ತೆ ಮತ್ತೆ ಬರುತ್ತದೆ.

"ಗ್ಯಾಸ್ ವಾಸನೆ ಬಂದ್ರೆ ಗೊತ್ತಾಗುತ್ತೆ ಅಲ್ವಾ?" ಅನ್ನುವವರಿದ್ದಾರೆ. ಆ ಕೆಟ್ಟ ವಾಸನೆ ಸೋರುವ ಎಲ್‌ಪಿಜಿಗೆ ಬೇಕೆಂದೇ ಬೆರೆಸಿರುವ ಮರ್ಕ್ಯಾಪ್ಟನ್ನಿನದು. ಗ್ಯಾಸ್ ಉರಿದಾಗ ಅದೂ ಉರಿದು ಹೋಗುತ್ತದೆ. ಸೋರಿಕೆಯೇ ಬೇರೆ ತೊಂದರೆ, ಇದೇ ಬೇರೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ಸೋರಿದರೆ ನೆಲದ ಮೇಲೇ ಹರಡುತ್ತದೆ. ಸಿಲಿಂಡರ್ ಇಡುವ ಕಡೆ ಕೆಳಗೆ ಕಿಂಡಿ ಬೇಕು ಅನ್ನುವುದು ಅದಕ್ಕೆ.

ಹಾಗಾದರೆ ಗೀಸರ್ ಎಲ್ಲಿರಬೇಕು? ಬಾತ್‌ರೂಮಿನ ಹೊರಗೆ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. ತೆರೆದ ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ಗೀಸರ್ ಹಾಕಿ, ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತನ್ನಿ. ಪೈಪಿಗೆ ನಾಲ್ಕು ಮೀಟರ್ ಜಾಸ್ತಿ ಆದರೆ ಬಿಸಿನೀರು ಬರುವುದು ಕೆಲವು ಸೆಕೆಂಡ್ ತಡವಾಗಬಹುದು, ಅಷ್ಟೇ. ಗ್ರಿಲ್ ತೆಗೆದು ಗಾಜು ಹಾಕಿಸಿ ಮುಚ್ಚಿದ ಯುಟಿಲಿಟಿ ಲೆಕ್ಕಕ್ಕೆ ಬಾರದು. ಅಪಾರ್ಟ್‌ಮೆಂಟಿನ ಡಕ್ಟಿಗೆ ಹೊಗೆ ಬಿಟ್ಟರೆ ಮೇಲಿನ ಮನೆಯವರ ವೆಂಟಿಲೇಟರಿನೊಳಗೆ ಹೋಗಬಹುದು. ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಅನ್ನುವುದೂ ಅರ್ಧ ಉತ್ತರ. ಒಳಗೆ ಗಾಳಿ ಬರಲು ದಾರಿ ಇಲ್ಲದಿದ್ದರೆ ಫ್ಯಾನ್ ಸುಮ್ನೆ ತಿರುಗುತ್ತಿರುತ್ತದೆ, ಹೊರಗೆ ಹೋಗುವ ಗಾಳಿ ಅಷ್ಟಕ್ಕಷ್ಟೇ.

ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ, ಅದರಲ್ಲೂ ಬೋರ್‌ವೆಲ್ ನೀರಿನ ಏರಿಯಾದವರು. ಗಡಸು ನೀರಿನ ಸುಣ್ಣ ಕೊಳವೆಯೊಳಗೆ ಪೊರೆ ಕಟ್ಟಿ ಶಾಖ ನೀರಿಗೆ ಹೋಗದಂತೆ ತಡೆಯುತ್ತದೆ. ಬರ್ನರಿಗೆ ಧೂಳು ಕೂತರೆ ನೀಲಿ ಉರಿ ಹಳದಿಯಾಗುತ್ತದೆ. ಹಳದಿ ಉರಿ ಕಂಡರೆ ಅವತ್ತೇ ನಿಲ್ಲಿಸಿ.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಎಷ್ಟೋ ಮನೆಗಳಲ್ಲಿ ಇನ್ನೂ ಇದೆ. ಸ್ನಾನಕ್ಕೆ ಹೋದವರು ತಲೆಸುತ್ತಿ ಬಿದ್ದರೆ ಅದನ್ನು ಬೆರಳಿಗೆ ಸಿಕ್ಕಿಸಿ ನೋಡಿ, 98 ಇದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಅದು ಆಮ್ಲಜನಕದ್ದೇ ಅಂದುಕೊಳ್ಳುತ್ತದೆ. ಅವರನ್ನು ಮೊದಲು ಹೊರಗಿನ ಗಾಳಿಗೆ ತನ್ನಿ, ಗ್ಯಾಸ್ ಆರಿಸಿ, 108ಕ್ಕೆ ಫೋನ್ ಮಾಡಿ. ಬರೀ ಗಾಳಿಯಲ್ಲಿ ಉಸಿರಾಡಿದರೆ ರಕ್ತದಲ್ಲಿನ ಮೊನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕ್ ಹಾಕಿ ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಆಗುತ್ತದೆ. ಆಸ್ಪತ್ರೆಯಲ್ಲಿ ಮೊದಲ ಮಾತಾಗಿ "ಗ್ಯಾಸ್ ಗೀಸರ್ ಉರಿಯುತ್ತಿತ್ತು" ಅಂತ ಹೇಳಿ. ಯಾವ ರಕ್ತಪರೀಕ್ಷೆ ಮಾಡಬೇಕು ಅನ್ನುವುದು ಡಾಕ್ಟರಿಗೆ ಆಗ ಹೊಳೆಯುತ್ತದೆ.