ತರಕಾರಿ ಒಳ್ಳೇದು ಅಂತ ಹೇಳ್ಬೇಡಿ, ತಟ್ಟೆಗೆ ಹಾಕಿ ಸುಮ್ನಿರಿ

ಯಾವ ಪ್ರೈಮರಿ ಸ್ಕೂಲಿಗೇ ಹೋಗಿ, ಗೋಡೆ ಮೇಲೆ ಒಂದು ಚಾರ್ಟ್ ಇದ್ದೇ ಇರುತ್ತೆ. ನಗ್ತಿರೋ ಕ್ಯಾರೆಟ್ಟು, ಕೈಕಾಲು ಬಂದಿರೋ ಸೇಬು, ಮೂಲೇಲಿ ಮುಖ ಸಪ್ಪೆ ಮಾಡ್ಕೊಂಡಿರೋ ಚಿಪ್ಸ್ ಪ್ಯಾಕೆಟ್ಟು. ಯಾವುದು ಒಳ್ಳೇದು ಯಾವುದು ಕೆಟ್ಟದ್ದು ಅಂತ ಕೇಳಿದ್ರೆ ಮಕ್ಕಳು ಗಿಣಿಪಾಠ ಒಪ್ಪಿಸ್ತಾರೆ, ಟೆಸ್ಟಲ್ಲಿ ಫುಲ್ ಮಾರ್ಕ್ಸೂ ತಗೋತಾರೆ, ಊಟದ ಬೆಲ್ ಆದ್ಮೇಲೆ ಅದೇ ಕ್ಯಾರೆಟ್ಟನ್ನ ತಟ್ಟೆ ಅಂಚಿಗೆ ತಳ್ಳಿ ಎದ್ದು ಓಡ್ತಾರೆ. ಗೊತ್ತಿಲ್ಲದೆ ಹೀಗೆ ಮಾಡ್ತಾರೆ ಅಂತ ನಾವು ಇನ್ನೊಂದು ಚಾರ್ಟ್ ತಂದು ಅಂಟಿಸ್ತೀವಿ.

ಇದ್ರಲ್ಲಿ ಒಂದು ತಮಾಷೆ ಇದೆ. 2014ರಲ್ಲಿ ಪ್ರಕಟವಾದ ಒಂದು ಸಂಶೋಧನೇಲಿ ಇನ್ನೂ ಸ್ಕೂಲ್ ವಯಸ್ಸಿಗೂ ಬರದ ಪುಟ್ಟ ಮಕ್ಕಳಿಗೆ ಚಿತ್ರದ ಕಥೆ ಓದಿ ಹೇಳಿದ್ರು, ಕಥೇಲಿ ಒಬ್ಬ ಹುಡುಗಿ ಬಿಸ್ಕೆಟ್ಟೋ ಕ್ಯಾರೆಟ್ಟೋ ತಿಂತಾಳೆ. ಕೆಲವು ಮಕ್ಕಳಿಗೆ ಹೇಳಿದ ಕಥೇಲಿ ಅದು ತಿಂದು ಅವಳಿಗೆ ಶಕ್ತಿ ಬಂತು, ಅಥವಾ ಎಣಿಸೋದು ಬಂತು, ಇನ್ನು ಕೆಲವರಿಗೆ ಆ ಪ್ರಯೋಜನದ ಮಾತೇ ಇಲ್ಲ. ಆಮೇಲೆ ಅದೇ ತಿಂಡಿ ಮುಂದೆ ಇಟ್ರೆ, ಶಕ್ತಿ ಬರುತ್ತೆ ಅಂತ ಕೇಳಿಸ್ಕೊಂಡ ಮಕ್ಕಳೇ ಕಮ್ಮಿ ತಿಂದ್ರು. ಅವರ ಲಾಜಿಕ್ ಸಿಂಪಲ್, ಇದರಿಂದ ಅಷ್ಟೊಂದು ಉಪಯೋಗ ಇದೆ ಅಂದ್ರೆ ರುಚಿ ಇರೋಕೆ ಸಾಧ್ಯ ಇಲ್ಲ. ನಿಜ ಹೇಳ್ಬೇಕಂದ್ರೆ ದೊಡ್ಡವರೂ ಹೀಗೇ ಯೋಚಿಸ್ತೀವಿ, ಬಾಯಿಬಿಟ್ಟು ಹೇಳಲ್ಲ ಅಷ್ಟೇ.

ತಿನ್ನೋದನ್ನ ಮಗು ಕಲಿಯೋದು ನಾಲಿಗೆಯಿಂದ, ಪಾಠದಿಂದ ಅಲ್ಲ. ಸಿಹಿ ಇಷ್ಟಪಡೋದಕ್ಕೆ ಯಾರೂ ಕಲಿಸ್ಬೇಕಿಲ್ಲ, ಹುಟ್ಟುತ್ತಲೇ ಬಂದಿರುತ್ತೆ. ಕಹಿ ಕಂಡ್ರೆ ಮುಖ ಕಿವುಚೋದೂ ಹುಟ್ಟಿನಿಂದಲೇ, ಯಾಕಂದ್ರೆ ಗಿಡಗಳಲ್ಲಿರೋ ಎಷ್ಟೋ ವಿಷಗಳು ಕಹಿಯಾಗಿರ್ತವೆ. ಇದರ ಜೊತೆಗೆ ಎರಡರಿಂದ ಆರು ವರ್ಷದ ನಡುವೆ ಹೊಸ ಆಹಾರ ಅಂದ್ರೆ ಭಯ ಜೋರಾಗಿರುತ್ತೆ. ಮಗು ನಡೆಯೋಕೆ ಶುರು ಮಾಡಿ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕ್ಕೊಳ್ಳೋ ಕಾಲದಲ್ಲಿ ಈ ಭಯ ನಮ್ಮ ಪೂರ್ವಜರ ಮಕ್ಕಳ ಜೀವ ಉಳಿಸಿರ್ಬೇಕು ಅನ್ನೋದು ವಿಜ್ಞಾನಿಗಳ ಊಹೆ. ಹಾಗಾಗಿ ಒಂದನೇ ಕ್ಲಾಸಿಗೆ ಬಂದು ಕೂರೋ ಮಗು ಈ ಭಯದ ಬಾಲ ಹಿಡ್ಕೊಂಡೇ ಬಂದಿರುತ್ತೆ. ಮೇಲಾಗಿ ಎಲ್ಲರ ನಾಲಿಗೇನೂ ಒಂದೇ ಥರ ಇರಲ್ಲ, ಟಿಎಎಸ್2ಆರ್38 ಅನ್ನೋ ಜೀನ್ ಇದೆ, ಅದರ ಒಂದು ರೂಪ ಇರೋರಿಗೆ ಕೆಲವು ಕಹಿಗಳು ಬಹಳ ಜೋರಾಗಿ ಹೊಡೀತವೆ. ಬೇರೆ ಮಕ್ಕಳು ಆರಾಮಾಗಿ ತಿನ್ನೋ ಎಲೆಕೋಸು ಒಂದು ಮಗುವಿಗೆ ನಿಜವಾಗ್ಲೂ ಕಹಿ ಇರಬಹುದು, ಹಠ ಅಂತ ಬಯ್ಯೋ ಮುಂಚೆ ಇದೊಂದು ನೆನಪಿರಲಿ.

ಸಮಾಧಾನದ ವಿಷಯ ಏನಂದ್ರೆ ಈ ಭಯ ಕರಗುತ್ತೆ. ಲಿಯಾನ್ ಬರ್ಚ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞೆ 1980ರ ದಶಕದಿಂದ ಇದನ್ನೇ ಮತ್ತೆ ಮತ್ತೆ ತೋರಿಸಿದ್ರು: ಹೊಸ ಆಹಾರವನ್ನ ಚೂರೇ ಚೂರು, ಒತ್ತಾಯ ಇಲ್ದೆ, ಹಲವು ಸಲ ರುಚಿ ನೋಡೋಕೆ ಬಿಟ್ರೆ ಇಷ್ಟ ತಾನಾಗೇ ಬೆಳೆಯುತ್ತೆ. ಸಾಮಾನ್ಯವಾಗಿ ಎಂಟು ಹತ್ತು ಸಲ, ಕೆಲವರಿಗೆ ಹದಿನೈದು. ಬರೀ ನೋಡಿದ್ರೆ ಸಾಲದು, ಬಾಯಿಗೆ ಹೋಗ್ಬೇಕು, ಉಗುಳಿದ್ರೂ ಪರವಾಗಿಲ್ಲ. ಆದ್ರೆ ಹೆಚ್ಚಿನ ಅಪ್ಪ ಅಮ್ಮಂದಿರು ಮೂರರಿಂದ ಐದು ಸಲ ಕೊಟ್ಟು ನೋಡಿ 'ನಮ್ಮ ಮಗುಗೆ ಇದು ಸೇರಲ್ಲ' ಅಂತ ತೀರ್ಮಾನ ಮಾಡಿಬಿಡ್ತಾರೆ. ಅವರನ್ನ ಬಯ್ಯೋಕೂ ಆಗಲ್ಲ. ಕೈಯಲ್ಲಿ ಕಾಸು ಕಮ್ಮಿ ಇರೋ ಮನೇಲಿ ಮಗು ಬಿಟ್ಟ ತರಕಾರಿ ಅಂದ್ರೆ ಕಸಕ್ಕೆ ಹೋದ ದುಡ್ಡು, ಅದಕ್ಕೇ ಡಬ್ಬಿಗೆ ಗ್ಯಾರಂಟಿ ಖಾಲಿಯಾಗೋದನ್ನೇ ಹಾಕಿ ಕಳಿಸ್ತಾರೆ. ಹಾಗಾಗಿ ಡಬ್ಬಿ ಓಪನ್ ಮಾಡ್ಸಿ ಎಲ್ಲರ ಮುಂದೆ 'ಇದೇನು ತಂದಿದೀಯ' ಅನ್ನೋ ಟೀಚರ್‌ಗಳ ಬಗ್ಗೆ ನಂಗೆ ಸ್ವಲ್ಪವೂ ಸಹನೆ ಇಲ್ಲ, ಅವಮಾನ ಆಗೋದು ಮಗುಗೆ, ಡಬ್ಬಿ ಕಟ್ಟಿದ್ದು ಇನ್ಯಾರೋ.

ಸ್ಕೂಲಿನ ನಿಜವಾದ ಶಕ್ತಿ ಇರೋದೇ ಇಲ್ಲಿ. ಹತ್ತು ಸಲ ವೇಸ್ಟ್ ಆಗೋ ರಿಸ್ಕನ್ನ ಒಂದು ಮನೆಗಿಂತ ಸ್ಕೂಲು ಸುಲಭವಾಗಿ ತಡ್ಕೊಳ್ಳುತ್ತೆ, ಒಂದು ಕ್ಯಾರೆಟ್ಟನ್ನ ಎಷ್ಟು ಮಕ್ಕಳಿಗೆ ಚೂರು ಮಾಡಿ ಹಂಚಬಹುದು ನೋಡಿ. ಜೊತೆಗೆ ಅಲ್ಲಿ ಫ್ರೆಂಡ್ಸ್ ಇದಾರೆ. 1980ರಲ್ಲಿ ಬರ್ಚ್ ಪ್ರಕಟಿಸಿದ ಪ್ರಯೋಗ ಚೆನ್ನಾಗಿದೆ: ಒಂದು ತರಕಾರಿ ಇಷ್ಟ ಇಲ್ಲದ ಮಗುವನ್ನ, ಅದನ್ನೇ ಇಷ್ಟಪಡೋ ಮೂರ್ನಾಲ್ಕು ಮಕ್ಕಳ ಜೊತೆ ಊಟಕ್ಕೆ ಕೂರಿಸಿದ್ರು. ನಾಲ್ಕೇ ದಿನಕ್ಕೆ ಮಗು ತಾನೂ ಅದನ್ನೇ ಆರಿಸ್ಕೊಳ್ಳೋಕೆ ಶುರು ಮಾಡ್ತು. ಯಾರೂ ಭಾಷಣ ಮಾಡ್ಲಿಲ್ಲ. ಟೀಚರ್ ಕೂಡ ಅದೇ ಬೆಂಚಲ್ಲಿ ಕೂತು ಅದನ್ನೇ ತಿಂದ್ರೆ ಇನ್ನೂ ಒಳ್ಳೇದು, ಸ್ಟಾಫ್ ರೂಮಲ್ಲಿ ಬಾಗ್ಲು ಹಾಕ್ಕೊಂಡು ಪಫ್ಸ್ ತಿಂದು ಬಂದು ಸೊಪ್ಪಿನ ಮಹಿಮೆ ಹೇಳಿದ್ರೆ ಮಕ್ಕಳಿಗೆ ಗೊತ್ತಾಗದೇ ಇರುತ್ತಾ.

ಒತ್ತಾಯ ಮಾತ್ರ ಬೇಡವೇ ಬೇಡ. 2006ರ ಒಂದು ಅಧ್ಯಯನದಲ್ಲಿ ಪುಟ್ಟ ಮಕ್ಕಳಿಗೆ ಸೂಪ್ ಕೊಟ್ಟು ಕೆಲವರಿಗೆ ಪದೇ ಪದೇ 'ಸೂಪ್ ಮುಗಿಸು, ಪ್ಲೀಸ್' ಅಂದ್ರು, ಬರೀ ಅಷ್ಟೇ, ಗದರಲಿಲ್ಲ. ಹಾಗೆ ಅನ್ನಿಸ್ಕೊಂಡಾಗ ಮಕ್ಕಳು ಕಮ್ಮಿ ತಿಂದ್ರು, ಸೂಪಿನ ಬಗ್ಗೆ ದೂರೂ ಜಾಸ್ತಿ ಹೇಳಿದ್ರು. 'ತರಕಾರಿ ತಿಂದ್ರೆ ಐಸ್‌ಕ್ರೀಮ್' ಅನ್ನೋ ವ್ಯಾಪಾರವೂ ಉಲ್ಟಾ ಹೊಡೆಯುತ್ತೆ, ಮಗು ಕಲಿಯೋದು ತರಕಾರಿ ಅನ್ನೋದು ಸಹಿಸ್ಕೋಬೇಕಾದ ಕಷ್ಟ, ಐಸ್‌ಕ್ರೀಮ್ ಅದರ ಕೂಲಿ ಅಂತ. ಹಾಗಂತ ಬಹುಮಾನವೇ ಪಾಪ ಅಂತಲೂ ಅಲ್ಲ, ಇಲ್ಲಿ ವಿಷಯ ಸ್ವಲ್ಪ ಸೂಕ್ಷ್ಮ ಇದೆ. ಬ್ರಿಟನ್ನಿನಲ್ಲಿ ನಾಲ್ಕರಿಂದ ಆರು ವರ್ಷದ 422 ಮಕ್ಕಳ ಜೊತೆ ಹನ್ನೆರಡು ದಿನ ಒಂದು ಪ್ರಯೋಗ ನಡೀತು, ಅದು ಪ್ರಕಟವಾಗಿದ್ದು 2011ರಲ್ಲಿ, ಅಷ್ಟೇನೂ ಇಷ್ಟ ಇಲ್ಲದ ಒಂದು ತರಕಾರಿ ಚೂರು ರುಚಿ ನೋಡಿದ್ರೆ ಒಂದು ಗುಂಪಿಗೆ ಸ್ಟಿಕ್ಕರ್, ಇನ್ನೊಂದಕ್ಕೆ ಬರೀ ಶಭಾಷ್, ಮತ್ತೊಂದಕ್ಕೆ ಏನೂ ಇಲ್ಲ. ಇಷ್ಟ ಅನ್ನೋದು ಮೂರೂ ಗುಂಪಲ್ಲಿ ಹೆಚ್ಚಾಯ್ತು. ಆದ್ರೆ ಮೂರು ತಿಂಗಳ ನಂತರವೂ ನಿಜವಾಗಿ ಜಾಸ್ತಿ ತಿಂತಾ ಇದ್ದಿದ್ದು ಸ್ಟಿಕ್ಕರ್ ಮತ್ತು ಶಭಾಷ್ ಗುಂಪಿನವರು. ಅಂದ್ರೆ ಬಹುಮಾನ ತಿಂಡಿ ಆಗಿರಬಾರದು, ಚಿಕ್ಕದಾಗಿರ್ಬೇಕು, ಮತ್ತೆ ಅದು ತಟ್ಟೆ ಖಾಲಿ ಮಾಡಿದ್ದಕ್ಕಲ್ಲ, ರುಚಿ ನೋಡಿದ್ದಕ್ಕೆ.

ಅದೇ ಲೆಕ್ಕದಲ್ಲಿ, ಹೋಮ್‌ವರ್ಕ್ ಮಾಡಿದ್ರೆ ಚಾಕ್ಲೇಟ್ ಕೊಡೋ ಅಭ್ಯಾಸವನ್ನ ಸ್ಕೂಲು ಸದ್ದಿಲ್ಲದೆ ಬಿಟ್ಬಿಡಬಹುದು. ಬ್ಯಾನ್ ಅಂತ ಬೋರ್ಡ್ ಹಾಕೋದು ಬೇರೆ ಕಥೆ, 1999ರ ಒಂದು ಪ್ರಯೋಗದಲ್ಲಿ ಕಣ್ಣಿಗೆ ಕಾಣೋ ಹಾಗೆ ಡಬ್ಬದಲ್ಲಿ ಇಟ್ಟು ಮುಟ್ಟಬಾರದು ಅಂದ ತಿಂಡಿ ಮೇಲೇ ಮಕ್ಕಳ ಗಮನ ಹೋಯ್ತು. ಮನೆಯಿಂದ ತಂದಿದ್ದನ್ನ ಕಿತ್ಕೊಳ್ಳೋದಕ್ಕಿಂತ ಸ್ಕೂಲು ತಾನು ಕೊಡೋದನ್ನ, ಮಾರೋದನ್ನ ಬದಲಾಯಿಸೋದು ಸುಲಭ. 1926ರಲ್ಲಿ ಕ್ಲಾರಾ ಡೇವಿಸ್ ಅನ್ನೋ ಡಾಕ್ಟರ್ ಶುರು ಮಾಡಿದ ಪ್ರಯೋಗ ಇದಕ್ಕೆ ಹಳೇ ಉದಾಹರಣೆ, ಆಗ ತಾನೇ ಹಾಲು ಬಿಡ್ತಿದ್ದ ಹದಿನೈದು ಮಕ್ಕಳಿಗೆ 34 ಆಹಾರಗಳ ಪಟ್ಟಿಯಿಂದ ಬೇಕಾದ್ದನ್ನ ಬೇಕಾದಷ್ಟು ತಿನ್ನೋಕೆ ಬಿಟ್ರು, ಒಬ್ಬೊಬ್ಬರದು ಒಂದೊಂದು ವಿಚಿತ್ರ ಆಯ್ಕೆ, ಆದ್ರೂ ಎಲ್ಲರೂ ಚೆನ್ನಾಗಿ ಬೆಳೆದ್ರು. ಮಕ್ಕಳಿಗೆ ದೈವದತ್ತ ಬುದ್ಧಿ ಇದೆ ಅಂತ ಜನ ಕುಣಿದಾಡಿದಾಗ ಡೇವಿಸ್ ಅವರೇ ಹೇಳಿದ್ದು, ಚಮತ್ಕಾರ ಇರೋದು ಪಟ್ಟಿಯಲ್ಲಿ ಅಂತ. ಅದರಲ್ಲಿ ಸಕ್ಕರೆಯೂ ಇರ್ಲಿಲ್ಲ, ಮೈದಾ ತಿಂಡಿಯೂ ಇರ್ಲಿಲ್ಲ.

ಇಷ್ಟೆಲ್ಲ ಓದಿ ಎಲ್ಲ ಸಂಶೋಧನೇನೂ ಕಣ್ಮುಚ್ಚಿ ನಂಬೋ ಹಾಗಿಲ್ಲ. ಸೇಬಿನ ಮೇಲೆ ಕಾರ್ಟೂನ್ ಸ್ಟಿಕ್ಕರ್ ಅಂಟಿಸಿದ್ರೆ ಮಕ್ಕಳು ಜಾಸ್ತಿ ತಗೋತಾರೆ ಅನ್ನೋ ಸುದ್ದಿ ಎಲ್ಲ ಕಡೆ ಓಡಾಡಿತ್ತು. ಅದನ್ನ ಮಾಡಿದ್ದು ಕಾರ್ನೆಲ್ ಯೂನಿವರ್ಸಿಟಿಯ ಬ್ರಯಾನ್ ವಾನ್‌ಸಿಂಕ್. ಆ ಸಂಶೋಧನಾ ಪೇಪರನ್ನ ತಪ್ಪಿದೆ ಅಂತ 2017ರಲ್ಲಿ ವಾಪಸ್ ತಗೊಂಡ್ರು, ಯಾಕಂದ್ರೆ ಎಂಟರಿಂದ ಹನ್ನೊಂದು ವರ್ಷದವರು ಅಂದಿದ್ದ ಮಕ್ಕಳು ನಿಜಕ್ಕೂ ಮೂರರಿಂದ ಐದು ವರ್ಷದವರು! ಆಮೇಲೆ ಅವರ ಇನ್ನೂ ಎಷ್ಟೋ ಪೇಪರ್‌ಗಳು ಬಿದ್ದುಹೋದ್ವು.

ಕೊನೆಗೆ ಒಂದು ಬೋರಿಂಗ್ ವಿಷಯ, ಅದಕ್ಕೇ ಯಾರೂ ಮಾತಾಡಲ್ಲ: ಟೈಮ್. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ಒಂದು ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಕೂತು ತಿನ್ನೋಕೆ ಕೆಲವು ದಿನ 20 ನಿಮಿಷ, ಕೆಲವು ದಿನ 10 ನಿಮಿಷ ಕೊಟ್ಟು ನೋಡಿದ್ರು. ಹತ್ತೇ ನಿಮಿಷ ಇದ್ದಾಗ ಹಣ್ಣು ತರಕಾರಿ ತಿನ್ನೋದು ಸ್ಪಷ್ಟವಾಗಿ ಕಮ್ಮಿ ಆಯ್ತು. ಅವಸರದಲ್ಲಿ ಮಗು ಮೊದಲು ಇಷ್ಟದ್ದನ್ನ ಬಾಯಿಗೆ ಹಾಕ್ಕೊಳ್ಳುತ್ತೆ, ತರಕಾರಿ ಸರದಿ ಬರೋ ಅಷ್ಟರಲ್ಲಿ ಬೆಲ್. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಆರರಿಂದ ಒಂಬತ್ತು ವರ್ಷದವರಿಗೆ ದಿನಕ್ಕೆ ಕನಿಷ್ಠ 350 ಗ್ರಾಂ ಹಣ್ಣು ತರಕಾರಿ ಬೇಕು ಅಂದಿದೆ, ಅಷ್ಟನ್ನ ಅಗಿಯೋಕೇ ಟೈಮ್ ಬೇಕಲ್ವಾ. ಕೈ ತೊಳೆಯೋ ಕ್ಯೂ, ಬಡಿಸೋ ಕ್ಯೂ ಎಲ್ಲ ಕಳೆದು, ಕೂತ ಮೇಲೆ ಇಪ್ಪತ್ತು ನಿಮಿಷ ಉಳಿಯುತ್ತಾ ಅಂತ ಒಂದ್ಸಲ ವಾಚ್ ಇಟ್ಕೊಂಡು ನೋಡಿ. ಉಳಿಯಲ್ಲ ಅಂದ್ರೆ ಮೊದಲು ಸರಿ ಮಾಡ್ಬೇಕಾಗಿರೋದು ಟೈಮ್‌ಟೇಬಲ್ಲು, ಅದು ಹೆಡ್‌ಮಾಸ್ಟರ್ ಕೈಲೇ ಇದೆ.